ಹತ್ತಿ ಕೋಣೆಯಲ್ಲಿ ಉಸಿರು ತುಂಬಿದ ವರ್ಷ

ಹೋದ ತಿಂಗಳು ನನ್ನ ತಂಗಿಗೆ ಮೊಣಕಾಲಿನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಅವಳ ಜೊತೆಗೆ ನಾನೇ ಇದ್ದೆ. ಬೆಳಿಗ್ಗೆ ಪಕ್ಕದ ಮಂಚದ ಅಜ್ಜನಿಗೆ ಉಸಿರು ಕಟ್ಟಿದಂತಾಗಿ ನರ್ಸಮ್ಮ ಆಕ್ಸಿಜನ್ ತರಲು ಹೇಳಿದಳು. ವಾರ್ಡಿನ ಆಳು, ಹೆಚ್ಚುಕಡಿಮೆ ನನ್ನ ವಯಸ್ಸಿನವನೇ, ಆಗಷ್ಟೇ ಉಗ್ಗಾಣಿ ಬಜ್ಜಿ ತಿಂದು ಬಂದಿದ್ದ. ಬಜ್ಜಿಯ ಎಣ್ಣೆ ಬೆರಳ ಮೇಲೆ ಮಿರಮಿರ ಮಿಂಚುತ್ತಿತ್ತು. ಅದೇ ಕೈಯಲ್ಲಿ ಸಿಲಿಂಡರಿನ ಕುತ್ತಿಗೆ ಹಿಡಿದು ಕೀಲಿ ತಿರುಗಿಸಲು ಹೋದ.

"ಏಯ್, ಕೈ ತಗಿ! ಸೋಪು ಹಚ್ಚಿ ತೊಳ್ಕೊಂಡು ಬಾ ಮೊದಲು!" ಎಂದು ನಾನು ಕೂಗಿದ ರಭಸಕ್ಕೆ ಇಡೀ ವಾರ್ಡು ತಿರುಗಿ ನೋಡಿತು. ಆಳು ಹೆದರಿ ಓಡಿ ಹೋಗಿ ಕೈ ತೊಳೆದು ಬಂದ. ತಂಗಿಗೆ ನಾಚಿಕೆಯಾಗಿ, "ಅಕ್ಕಾ, ಇದು ನಿನ್ನ ಸಾಲಿ ಅಲ್ಲ, ದವಾಖಾನಿ" ಎಂದಳು. ಅಲ್ಲ, ಗೊತ್ತು. ಮೂವತ್ತು ವರ್ಷ ಆದೋನಿಯ ಕನ್ನಡ ಸಾಲೆಯಲ್ಲಿ ಮಕ್ಕಳನ್ನು ಗದರಿದ ಬಾಯಿ ಇದು, ಎಲ್ಲಿ ಹೋದರೂ ಸುಮ್ಮನಿರುವುದಿಲ್ಲ. ಆದರೆ ಆ ಕೂಗು ಸಾಲೆಯಿಂದ ಬಂದದ್ದಲ್ಲ. ಕೀಲಿ ತಿರುಗಿದಾಗ ಬರುವ ಆ ಸಣ್ಣ "ಸ್ಸ್" ಸದ್ದಿಗೆ ನನ್ನ ಎದೆ ಇವತ್ತಿಗೂ ಝಲ್ಲೆನ್ನುತ್ತದೆ. ಅದು ನಮ್ಮ ಹಿತ್ತಲಿನ ಹತ್ತಿ ಕೋಣೆಯಲ್ಲಿ ಗಾಳಿ ತುಂಬಿದ ವರ್ಷದ ಸದ್ದು.

ನಮ್ಮ ಮನೆಯವರ ಹೆಸರು ಶಿವಲಿಂಗಪ್ಪ. ಮದುವೆಯಾಗಿ ಎರಡನೆಯ ವರ್ಷಕ್ಕೇ ವಿಶಾಖಪಟ್ಟಣದ ಬಂದರಿಗೆ ಹೋದವರು ಇಪ್ಪತ್ತು ವರ್ಷ ಅಲ್ಲೇ ಉಳಿದರು. ಸಮುದ್ರದೊಳಗೆ ಇಳಿದು ಹಡಗಿನ ತಳ ತಿಕ್ಕುವ, ಬೆಸುಗೆ ಹಾಕುವ ಡೈವರುಗಳ ಕಂಪನಿ ಅದು. ಇವರದು ನೀರಿಗಿಳಿಯುವ ಕೆಲಸವಲ್ಲ. ಡೈವರುಗಳು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳಿಗೆ ದಡದಲ್ಲಿ ಕೂತು ಗಾಳಿ ತುಂಬುವ ಕೆಲಸ. ಈ ಮನುಷ್ಯನಿಗೆ ಈಜು ಬರುವುದಿಲ್ಲ! ಮೊಣಕಾಲಿಗಿಂತ ಮೇಲಿನ ನೀರು ಕಂಡರೆ ಹಿಂದಕ್ಕೆ ಸರಿಯುವವರು, ಸಮುದ್ರದ ತಳಕ್ಕೆ ಹೋಗುವವರ ಉಸಿರಿನ ಉಸ್ತುವಾರಿ ನೋಡುತ್ತಿದ್ದರು. ಅವರ ನೌಕರಿ ಅಲ್ಲಿ, ನನ್ನ ನೌಕರಿ ಇಲ್ಲಿ. ದಸರೆಗೊಮ್ಮೆ, ಯುಗಾದಿಗೊಮ್ಮೆ ಬಂದು ಹೋಗುವ ನೆಂಟರ ಹಾಗೆ ನಮ್ಮ ಸಂಸಾರ ನಡೆಯಿತು.

ಆ ವರ್ಷ ಕಂಪನಿ ಬಾಗಿಲು ಹಾಕಿತು. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಒಂದು ಲಾರಿ ನಮ್ಮ ಓಣಿಗೆ ಬಂದು ನಿಂತಿತು. ಲಾರಿಯ ಮುಂದುಗಡೆ ನಮ್ಮ ಮನೆಯವರು, ಹಿಂದುಗಡೆ ತಾಡಪತ್ರಿ ಹೊದ್ದುಕೊಂಡ ಒಂದು ಯಂತ್ರ. ತಮ್ಮ ಟ್ರಂಕನ್ನು ರಸ್ತೆಯ ಕೆಸರಿನಲ್ಲೇ ಬಿಟ್ಟು ಮೊದಲು ಯಂತ್ರವನ್ನು ಇಳಿಸಿಕೊಂಡರು. "ಹುಷಾರು, ಹುಷಾರು" ಎಂದು ಅದರ ಬೆನ್ನು ಸವರುತ್ತ ಒಳಗೆ ನಡೆಸಿಕೊಂಡು ಬಂದರು. ನಾನು ಬಾಗಿಲಲ್ಲಿ ನಿಂತು, "ಸವತಿ ಬಂದಳು, ಆರತಿ ತರಲೇನ್ರಿ?" ಎಂದೆ. ಅವರು ನಗಲಿಲ್ಲ. "ಹತ್ತಿ ಕ್ವಾಣಿ ಕೀಲಿ ಎಲ್ಲೈತಿ?" ಎಂದರು.

ಹತ್ತಿ ಕೋಣೆ ಎಂದರೆ ನಮ್ಮ ಮಾವನ ಕಾಲದಲ್ಲಿ ಹತ್ತಿ ಕೂಡಿಡುತ್ತಿದ್ದ ಹಿತ್ತಲಿನ ಕಲ್ಲುಕೋಣೆ. ಮೊಳದಷ್ಟು ದಪ್ಪದ ಗೋಡೆ. ಅದರ ಸಂದುಗೊಂದಿನಲ್ಲೆಲ್ಲ ಹಳೆಯ ಹತ್ತಿಯ ನವಿರು ಕೂತಿತ್ತು. ಎಂಟು ದಿನ ಅದನ್ನು ಗುಡಿಸಿ, ಒರೆಸಿ, ತೊಳೆದು, ಸುಣ್ಣ ಹೊಡೆದರು. ಒಂದು ಎಳೆ ಹತ್ತಿಯೂ ಉಳಿಯಕೂಡದಂತೆ. ಸಿಲಿಂಡರ್ ನಿಲ್ಲಿಸುವ ಜಾಗದ ಸುತ್ತ ಎದೆಯೆತ್ತರಕ್ಕೆ ಮರಳುಚೀಲದ ಗೋಡೆ ಕಟ್ಟಿದರು. ಸರ್ಕಾರದ ಪರವಾನಗಿಗಾಗಿ ಎರಡು ತಿಂಗಳು ಓಡಾಡಿ ಆ ಕಾಗದವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದರು. ನಮ್ಮ ಮದುವೆಯ ಫೋಟೋಕ್ಕೆ ಇವತ್ತಿಗೂ ಚೌಕಟ್ಟಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಸಮುದ್ರವೇ ಇಲ್ಲದ ನಮ್ಮ ಸೀಮೆಯಲ್ಲಿ ಈ ಗಾಳಿ ಯಾರಿಗೆ ಬೇಕು ಎಂದು ಓಣಿಯವರೆಲ್ಲ ನಕ್ಕರು. ಬೇಕಾದವನು ಒಬ್ಬನಿದ್ದ. ಅವನು ಕೋಸಗಿಯ ಈರಣ್ಣ. ಕುರಿ ಕಾಯುವ ಮನೆತನದ ಹುಡುಗ. ಪ್ರಾಯಕ್ಕೆ ಬಂದ ಮೇಲೆ ಕೂಲಿಗೆಂದು ಗುಳೆ ಹೋಗಿ ಅಲೆದು ಅಲೆದು ಬಂದರು ಸೇರಿ, ಇವರ ಕಣ್ಣೆದುರಿಗೇ ಡೈವರ್ ಆದವನು. ಕಂಪನಿ ಮುಚ್ಚಿದಾಗ ಅವನೂ ಊರಿಗೆ ಬಂದ. ಬಾವಿಗೆ ಬಿದ್ದ ಮೋಟಾರು, ಬ್ಯಾರೇಜಿನಲ್ಲಿ ಸಿಕ್ಕಿಕೊಂಡ ಗೇಟು, ನೀರು ತುಂಬಿದ ಕಲ್ಲಿನ ಕ್ವಾರಿ, ಎಲ್ಲಿಂದ ಕರೆ ಬಂದರೂ ಈರಣ್ಣ ರೈಲು ಹತ್ತಿ ಆದೋನಿಗೆ ಬರುತ್ತಿದ್ದ. "ಶಿವಲಿಂಗಣ್ಣನ ಗಾಳಿಗಿ ವಾಸನಿನ ಇರಂಗಿಲ್ಲಕ್ಕಾ. ಕುಡದಂಗ ಇಳೀತೈತಿ" ಎನ್ನುತ್ತಿದ್ದ.

ಗಾಳಿಗೆ ಎಂಥಾ ವಾಸನೆ, ಎಂಥಾ ರುಚಿ ಎಂದು ನಾನು ಮೊದಲು ಆಡಿಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಅವರು ತುಂಬುವುದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಆರು ಗಂಟೆಯ ಹೊತ್ತು. ಜಿನ್ನಿಂಗ್ ಮಿಲ್ಲುಗಳ ಕಡೆ ಲಾರಿಗಳು ಇನ್ನೂ ಎದ್ದಿರಲಿಲ್ಲ. ಅವರು ಮಾಳಿಗೆಯ ಮೇಲೆ ನಿಂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದರು. ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಮಾಳಿಗೆಯಿಂದಲೂ ಮೇಲಕ್ಕೆ ಏರಿಸಿದ್ದರು. ಅದರ ತುದಿಯಲ್ಲಿ ಒಂದು ಬಟ್ಟೆಯ ತುಂಡು. ಅದು ಕೋಟೆ ಬೆಟ್ಟದ ಕಡೆಯಿಂದ ಈಚೆಗೆ ಹಾರಿದರೆ ಮಾತ್ರ ಕೆಲಸ ಶುರು. ರಸ್ತೆಯ ಕಡೆಯಿಂದ ಹಾರಿದರೆ ಇಲ್ಲ. ಒಂದು ಜನರೇಟರಿನ ಹೊಗೆ, ಒಂದು ಆಟೋದ ಹೊಗೆ ಆ ಕೊಳವೆಯೊಳಗೆ ಹೋದರೆ ಸಾಕಂತೆ. ಮೇಲೆ ನಮಗೆ ಕೆಮ್ಮು ಬರಿಸುವ ಹೊಗೆ ನೀರಿನ ಆಳದಲ್ಲಿ ಮನುಷ್ಯನನ್ನು ಸದ್ದಿಲ್ಲದೆ ಮಲಗಿಸುತ್ತದಂತೆ. ನಾನು ಈ ಊರಲ್ಲೇ ಹುಟ್ಟಿ ಬೆಳೆದವಳು, ನಮ್ಮೂರ ಗಾಳಿಯ ಮುಖವನ್ನು ಹೀಗೆ ತಲೆಯೆತ್ತಿ ನೋಡಿದವಳೇ ಅಲ್ಲ.

ಯಂತ್ರ ಗಾಳಿಯನ್ನು ಹಿಂಡಿ, ನೀರನ್ನು ಬೇರ್ಪಡಿಸಿ, ಇದ್ದಿಲು ತುಂಬಿದ ಕೊಳವೆಯಲ್ಲಿ ಸೋಸಿ ಸಿಲಿಂಡರಿಗೆ ಇಳಿಸುತ್ತಿತ್ತು. ಅವರು ಸಿಲಿಂಡರಿನ ಮೈಮೇಲೆ ಅಂಗೈ ಇಟ್ಟು ಕೂತಿರುತ್ತಿದ್ದರು. ಮೈ ಬೆಚ್ಚಗಾದರೆ ನಿಲ್ಲಿಸುವುದು, ಆರಿದ ಮೇಲೆ ಮತ್ತೆ ಶುರು. ನನಗೆ ಜ್ವರ ಬಂದಾಗ ಹಾಗೆ ಹಣೆ ಮುಟ್ಟಿ ನೋಡಿದ್ದು ನೆನಪಿಲ್ಲ. ತುಂಬಿದ ಮೇಲೆ ಒಂದಿಷ್ಟು ಗಾಳಿಯನ್ನು ಬಿಳಿಯ ಕರವಸ್ತ್ರದ ಮೇಲೆ ಬಿಟ್ಟು, ಕಲೆ ಇದೆಯೇ ನೋಡಿ, ಮೂಸಿ, ಕೊನೆಗೆ ತಾವೇ ನಾಲ್ಕು ಉಸಿರು ಎಳೆದು ನೋಡುತ್ತಿದ್ದರು.

ಈರಣ್ಣನಿಗೆ ಬೇಕಾದದ್ದು ಇನ್ನೊಂದು ಬಗೆಯ ಗಾಳಿ. ಅದಕ್ಕೆ ನೈಟ್ರಾಕ್ಸ್ ಎನ್ನುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ, ಉಳಿದದ್ದು ಹೆಚ್ಚೂಕಡಿಮೆ ಎಲ್ಲ ಸಾರಜನಕ ಎಂದು ನಾನೇ ಐದನೆಯ ಇಯತ್ತೆಗೆ ಪಾಠ ಮಾಡಿದ್ದೇನೆ. ಆಳದ ನೀರಿನ ಒತ್ತಡಕ್ಕೆ ಆ ಸಾರಜನಕ ಮೈಯಲ್ಲಿ ಇಂಗಿಕೊಳ್ಳುತ್ತದೆ. ಮೇಲೆ ಬರುವಾಗ ಅವಸರ ಮಾಡಿದರೆ ನೆತ್ತರಿನಲ್ಲಿ ಗುಳ್ಳೆಯಾಗಿ ಏಳುತ್ತದೆ. ಬಂದರಿನಲ್ಲಿ ಒಮ್ಮೆ ಈರಣ್ಣನಿಗೆ ಹಾಗಾಗಿ ಎಡಭುಜ ಆರು ತಿಂಗಳು ಮೇಲೇಳಿರಲಿಲ್ಲ. ಅದಕ್ಕೇ ಅವನ ಗಾಳಿಗೆ ಆಮ್ಲಜನಕ ಹೆಚ್ಚು ಬೆರೆಸಿ ಮೂವತ್ತೆರಡು ಪಾಲು ಮಾಡುತ್ತಿದ್ದರು. ಮೊದಲು ಆಮ್ಲಜನಕ, ಒತ್ತಡ ತೋರಿಸುವ ಮುಳ್ಳು ಇಪ್ಪತ್ತೆಂಟಕ್ಕೆ ಬರುವ ತನಕ ಇರುವೆ ನಡೆದಷ್ಟು ನಿಧಾನ. ಆಮೇಲೆ ಇನ್ನೂರರ ತನಕ ಸೋಸಿದ ಗಾಳಿ.

"ಹಂಗಾದ್ರ ಪೂರಾ ಆಮ್ಲಜನಕನ ತುಂಬಿ ಕೊಡ್ರಲ್ಲ, ಇನ್ನೂ ಛಲೋ ಅಲ್ಲೇನು?" ಎಂದು ನಾನು ಜಾಣತನ ತೋರಿಸಿದೆ.

"ಸಾಯ್ತಾನ" ಎಂದರು ಅವರು, ತಲೆಯೆತ್ತದೆ. "ಭಾಳ ಆಳಕ್ಕ ಹೋದ್ರ ಆಮ್ಲಜನಕನ ವಿಷ ಆಗತೈತಿ. ಫಿಟ್ಸ್ ಬರತಾವ. ಅದಕ್ಕ ಅಳತಿ ಮಾಡಿ, ಎಷ್ಟು ಪಾಲು ಐತಿ, ಎಷ್ಟು ಅಡಿ ಇಳೀಬಹುದು ಅಂತ ಚೀಟಿ ಬರದು ಕಟ್ಟೂದು."

ಬದುಕಿಸುವುದೇ ಅಳತೆ ಮೀರಿದರೆ ಕೊಲ್ಲುತ್ತದೆ. ಪಾಠ ಮಾಡಿದ ನನಗೆ ಪಾಠದೊಳಗಿನ ಈ ಸೋಜಿಗ ಅಲ್ಲಿಯ ತನಕ ಗೊತ್ತಿರಲಿಲ್ಲ. ಅಂದು ನಾನು ನನ್ನ ಉಸಿರನ್ನೇ ಕೇಳುತ್ತ ನಿಂತೆ.

ಪಾಲು ಅಳೆಯಲು ಅಂಗೈಯಗಲದ ಒಂದು ಮೀಟರಿತ್ತು. ಬಯಲು ಗಾಳಿಗೆ ಹಿಡಿದು ಮೊದಲು ಅದನ್ನು ಸರಿಮಾಡಿ, ಆಮೇಲೆ ಸಿಲಿಂಡರಿನ ಗಾಳಿಗೆ ಹಿಡಿಯಬೇಕು. ತುಂಬಿದವನು ಅಳೆದರೆ ಸಾಲದು, ಉಸಿರಾಡುವವನೂ ತಾನೇ ಅಳೆದು ನೋಡಿ ಚೀಟಿಗೆ ಸಹಿ ಹಾಕಬೇಕೆಂಬುದು ಆ ಕೆಲಸದ ಕಟ್ಟಳೆ. ಆದರೆ ಈರಣ್ಣ ಮೀಟರಿನ ಕಡೆ ಸರಿಯಾಗಿ ನೋಡುತ್ತಲೇ ಇರಲಿಲ್ಲ. "ನೀ ತುಂಬೀಯಲ್ಲಣ್ಣಾ, ನೋಡೂದೇನೈತಿ" ಎಂದು ಸರಕ್ಕನೆ ಸಹಿ ಎಳೆದುಬಿಡುತ್ತಿದ್ದ. ಇವರು ಸಿಡುಕುತ್ತಿದ್ದರು, ಅವನು ನಗುತ್ತಿದ್ದ. ಅಷ್ಟು ನಂಬುವವನ ಮೇಲೆ ಗಂಡನಿಗೆ ಸಿಟ್ಟೇಕೋ ಎಂದು ನನಗೆ ಸೋಜಿಗ.

ಎಣ್ಣೆಯ ವಿಷಯ ಹೇಳುತ್ತೇನೆ. ಅದನ್ನು ಹೇಳದೆ ಈ ವರ್ಷದ ಕತೆ ಇಲ್ಲ. ಆ ಕೋಣೆಗೆ ಎಣ್ಣೆ ಜಿಡ್ಡು ಒಳಗೆ ಹೋಗಬಾರದು. ಒತ್ತಡದ ಆಮ್ಲಜನಕ ಎಣ್ಣೆಗೆ ತಗುಲಿದರೆ ಕಡ್ಡಿ ಗೀರುವುದೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ, ಹಿತ್ತಾಳೆ ಕಬ್ಬಿಣವೂ ಉರಿಯುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ನಾನು ತಲೆಗೆ ಎಣ್ಣೆ ಹಚ್ಚಿದ ದಿನ ಹೊಸ್ತಿಲ ಆಚೆಯೇ ನಿಲ್ಲಿಸುತ್ತಿದ್ದರು. ಮೈಲಿಗೆಯವಳನ್ನು ನಿಲ್ಲಿಸಿದಂತೆ! ನನಗೆ ಅದು ಒಳಗೊಳಗೇ ಉರಿ. ಇಪ್ಪತ್ತು ವರ್ಷ ಗಂಡ ದೂರವಿದ್ದ, ಈಗ ಒಂದೇ ಸೂರಿನಡಿ ಬಂದು ಹಿತ್ತಲಲ್ಲಿ ಇನ್ನೊಂದು ಊರು ಕಟ್ಟಿಕೊಂಡಿದ್ದಾನೆ ಎನ್ನಿಸುತ್ತಿತ್ತು.

ಆಯುಧಪೂಜೆ ಬಂತು. ನಮ್ಮ ಆದೋನಿಯಲ್ಲಿ ಆ ದಿನ ಎಲ್ಲ ಮಿಲ್ಲುಗಳಲ್ಲೂ ಯಂತ್ರ ತೊಳೆದು, ಹೂ ಮುಡಿಸಿ, ಕುಂಬಳಕಾಯಿ ಒಡೆಯುತ್ತಾರೆ. ನನ್ನ ತವರು ಹತ್ತಿ ವ್ಯಾಪಾರದ ಮನೆ. ನಮ್ಮಲ್ಲಿ ಕಬ್ಬಿಣಕ್ಕೆ ಬರಿದೇ ವಿಭೂತಿ ಹಚ್ಚುವುದಿಲ್ಲ. ಅದು ಉದುರಿ ಹೋಗಬಾರದೆಂದು ಮೊದಲು ಯಂತ್ರದ ಬಾಯಿಗೆ ಒಂದು ಬೊಟ್ಟು ಶೇಂಗಾ ಎಣ್ಣೆ, ಅದರ ಮೇಲೆ ವಿಭೂತಿ, ಅದರ ಮೇಲೆ ಕುಂಕುಮ. ಚಿಕ್ಕಂದಿನಿಂದ ಮಾಡಿದ ಕೈ. ಇವರು ಬೆಳಿಗ್ಗೆಯೇ, "ಪೂಜಿ ಮಾಡಬೇಕಂದ್ರ ಕ್ವಾಣಿ ಬಾಗಿಲಿಗಿ ಮಾಡು, ಒಳಗ ಏನೂ ಮುಟ್ಟಬ್ಯಾಡ" ಎಂದು ಹೇಳಿ ಎಮ್ಮಿಗನೂರಿಗೆ ಹೋದರು.

ಮುಟ್ಟಬೇಡ ಎಂದದ್ದಕ್ಕೇ ಮುಟ್ಟಿದೆನೋ, ವರ್ಷದ ಹಬ್ಬಕ್ಕೆ ಅನ್ನ ಕೊಡುವ ಯಂತ್ರ ಬೋಳು ಹಣೆಯಲ್ಲಿ ನಿಂತದ್ದು ನೋಡಲಾರದೆ ಮುಟ್ಟಿದೆನೋ, ಎರಡೂ ನಿಜ. ಯಂತ್ರಕ್ಕೆ ಹೂ ಮುಡಿಸಿದೆ. ಬಳ್ಳಾರಿಯಿಂದ ತಂದು ನಿಲ್ಲಿಸಿದ್ದ ಆಮ್ಲಜನಕದ ದೊಡ್ಡ ಸಿಲಿಂಡರಿನ ಬಾಯಿಗೆ, ಇದೇ ಬೆರಳಿನಿಂದ, ಎಣ್ಣೆಯ ಬೊಟ್ಟು ಇಟ್ಟು ವಿಭೂತಿ ಹಚ್ಚಿ ಕೈಮುಗಿದೆ. ಎದುರಿಗೆ ನಿಂತು ನೋಡಿದಾಗ ಎಷ್ಟು ಚೆಂದ ಕಂಡಿತೆಂದರೆ ಕಣ್ಣಲ್ಲಿ ನೀರು ಬಂತು. ಸಂಜೆಯ ಹೊತ್ತಿಗೆ ಅವರ ಮಾತು ನೆನಪಾಯಿತು. ಹೂ ತೆಗೆದೆ, ಒದ್ದೆ ಬಟ್ಟೆಯಿಂದ ಒರೆಸಿದೆ, ಒಣಬಟ್ಟೆಯಿಂದ ಒರೆಸಿದೆ. ಎಣ್ಣೆ ಕಾಣಲಿಲ್ಲ. ಹೋಯಿತು ಎಂದುಕೊಂಡೆ. ಅವರಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆಯೇ ಪತ್ತಿಕೊಂಡದ ಕಡೆಯ ಒಂದು ಹಳ್ಳಿಯಿಂದ ಇಬ್ಬರು ಬಂದರು, ಜೊತೆಗೆ ಈರಣ್ಣ. ಅವರ ಊರಿಗೆ ಕುಡಿಯುವ ನೀರು ಹೋಗುವುದು ಒಂದು ಹಳೆಯ ಕಲ್ಲಿನ ಕ್ವಾರಿಯಿಂದ. ಡ್ರಮ್ಮುಗಳ ಮೇಲೆ ತೇಲಿಬಿಟ್ಟಿದ್ದ ಮೋಟಾರು ಹಗ್ಗ ಹರಿದು ಎಂಬತ್ತು ಅಡಿ ತಳಕ್ಕೆ ಹೋಗಿತ್ತು. ಮೂರು ದಿನದಿಂದ ಊರಲ್ಲಿ ನಲ್ಲಿ ಬಂದಿರಲಿಲ್ಲ. "ಟೀಚರಮ್ಮಾ, ಸ್ವಲ್ಪ ತೊಂದರಗಾ, ಲಗೂನ ಕಳಸ್ರಮ್ಮಾ, ಹೆಣ್ಣುಮಕ್ಕಳು ಬೈಯಾಕ ಹತ್ಯಾರ" ಎಂದು ಹಿರಿಯವನು ನನಗೇ ದುಂಬಾಲು ಬಿದ್ದ. ನಾನು ಅವರಿಗೆ ಚಹಾ ಕೊಟ್ಟು ಹಿತ್ತಲ ಕಡೆ ತಿರುಗಿದೆ.

ಇವರು ಕೈಗೆ ಎರಡು ಸಲ ಸೋಪು ಹಚ್ಚಿ ತೊಳೆದರು. ತೊಳೆದ ಬಟ್ಟೆಯಲ್ಲಿ ಒರೆಸಿಕೊಂಡರು. ಕೊಳವೆ ಜೋಡಿಸಿದರು. ಸಿಲಿಂಡರಿನ ಬಾಯಿ ತಮ್ಮ ಕಡೆಗಿರದಂತೆ ಪಕ್ಕಕ್ಕೆ ನಿಂತು, ಮುಖ ಆ ಕಡೆ ತಿರುಗಿಸಿ, ಕೀಲಿಯ ಮೇಲೆ ಬೆರಳಿಟ್ಟರು. ಒರೆಸಿದ್ದೇನಲ್ಲ, ಹೋಗಿದೆಯಲ್ಲ ಎಂದು ನನ್ನ ಒಂದು ಮನಸ್ಸು ಹೇಳುತ್ತಿತ್ತು. ಅವರ ಕಿವಿಯ ಹಿಂದೆ ಸ್ನಾನದ ಸೋಪಿನ ನೊರೆ ಚೂರು ಉಳಿದಿತ್ತು. ಅದನ್ನು ನೋಡಿದೆ. ಹೊತ್ತಿಕೊಂಡರೆ ಮೊದಲು ಸುಡುವುದು ಆ ಕಿವಿ ಎಂದು ಹೊಳೆಯಿತು.

"ನಿಲ್ರೀ!" ಎಂದು ಕಿರುಚಿದೆ. "ತಿರುವಬ್ಯಾಡ್ರಿ! ನಿನ್ನೆ ನಾ ಅದಕ್ಕ ಎಣ್ಣಿ ಹಚ್ಚೀನಿ!"

ಅವರ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ಆಮೇಲೆ ಒಂದೊಂದೇ ಬೆರಳು ಬಿಡಿಸಿ ಹಿಂದಕ್ಕೆ ಬಂದರು. "ಎಲ್ಲಿ?" ಎಂದರು. ತೋರಿಸಿದೆ. "ಎಷ್ಟು?" "ಒಂದು ಬೊಟ್ಟು. ಒರಸೀನಿ." ಅವರು ಮರಳುಚೀಲಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕುಸಿದು ಕೂತರು. ಬಂದರಿನಲ್ಲಿ ಬಿರುಗಾಳಿಯ ರಾತ್ರಿಗಳನ್ನು ಕಂಡ ಮನುಷ್ಯ ಹಾಗೆ ಕುಸಿದದ್ದನ್ನು ನಾನು ಕಂಡಿರಲಿಲ್ಲ. ನಾನು ಬೈಗುಳಕ್ಕೆ ಕಾದು ನಿಂತೆ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವರು, "ಹೇಳಿದಿ. ಹೇಳಿದಿಯಲ್ಲ, ಸಾಕು" ಎಂದರು ಅಷ್ಟೇ.

ಒರೆಸಿದರೆ ಹೋಗುವ ಜಿಡ್ಡಲ್ಲ ಅದು, ಮನೆಯಲ್ಲಿ ತೊಳೆಯುವ ಕೆಲಸವೂ ಅಲ್ಲ. ಸಿಲಿಂಡರಿನ ಮೈಮೇಲೆ "ಎಣ್ಣೆ ತಾಗಿದೆ, ತೆರೆಯಬೇಡಿ" ಎಂದು ದೊಡ್ಡದಾಗಿ ಬರೆದ ಚೀಟಿ ಕಟ್ಟಿ, ಬಳ್ಳಾರಿಯ ಗ್ಯಾಸಿನವರಿಗೆ ಫೋನು ಮಾಡಿ ಹೇಳಿ, ಅಂಗಳದ ಮೂಲೆಗೆ ಸರಿಸಿದರು. ಕೀಲಿ ತಿರುಗಿಸಿರಲಿಲ್ಲವಾದರೂ ಅದಕ್ಕೆ ಜೋಡಿಸಿದ್ದ ಕೊಳವೆಯನ್ನೂ ಬೇರೆ ತೆಗೆದಿಟ್ಟರು. ಹೊಸ ಸಿಲಿಂಡರ್ ಬರುವುದು ನಾಳೆಗೆ. ಹಳ್ಳಿಯವರಿಗೆ ತಡೆಯಲಾಗಲಿಲ್ಲ. "ಒಂದು ಬೊಟ್ಟಿಗಿ ಒಂದು ದಿನಾನ? ಏಮಿ ಸಾರ್ ಇದು!" ಎಂದು ಕಿರಿಯವನು ಎದ್ದು ನಿಂತ. ಈರಣ್ಣನೂ, "ಅಣ್ಣಾ, ಬರೇ ಗಾಳಿ ತುಂಬಿ ಕೊಡು, ಇಳೀತೀನಿ. ಜನ ನೀರಿಲ್ದ ಕುಂತಾರ" ಎಂದ.

"ಬರೇ ಗಾಳಿ ಮ್ಯಾಲ ಒಂದು ಸಲ ಇಳೀಬಹುದು. ಅದು ಒಂದು ಸಲದ ಕೆಲಸ ಅಲ್ಲ. ಹಗ್ಗ ಕಟ್ಟಾಕ ನಾಕು ಸಲ ಇಳೀತಿ, ನನಗ ಗೊತ್ತೈತಿ. ಆ ಭುಜ ಇಟ್ಕೊಂಡು ಬ್ಯಾಡ." ಹಳ್ಳಿಯವರ ಕಡೆ ತಿರುಗಿ ಕೈ ಜೋಡಿಸಿದರು. "ತಪ್ಪು ನಂದು. ಕ್ವಾಣಿಗಿ ಕೀಲಿ ಹಾಕಿ ಹೋಗಬೇಕಿತ್ತು. ನಾಳಿ ಮುಂಜಾನಿ ಬರ್ತೀವಿ."

"ಅವರದಲ್ಲ" ಎಂದೆ ನಾನು. "ಹಚ್ಚಾಕಿ ನಾನು. ಬೈಯೂದಿದ್ರ ನನಗ ಬೈರಿ." ಮಕ್ಕಳ ಕೈಯಲ್ಲಿ ತಪ್ಪು ಒಪ್ಪಿಸುವುದು ಎಷ್ಟು ಸುಲಭ! ಅವರು ಬೈಯಲಿಲ್ಲ, ಚಹಾದ ಲೋಟ ಕೆಳಗಿಟ್ಟು ಹೊರಟುಹೋದರು. ಅದು ಬೈದದ್ದಕ್ಕಿಂತ ಹೆಚ್ಚಾಯಿತು.

ಮರುದಿನ ಹೊಸ ಸಿಲಿಂಡರ್ ಬಂದು, ಗಾಳಿ ಬೆರೆಸಿ, ಅಳೆದು, ಚೀಟಿ ಕಟ್ಟಿ ನಾವೆಲ್ಲ ಕ್ವಾರಿಗೆ ಹೋದೆವು. ಸಾಲೆಗೆ ದಸರೆಯ ರಜೆ. ಆದರೆ ನಾನು ಹೋದದ್ದು ರಜೆಯಿದೆ ಎಂದಲ್ಲ, ಮನೆಯಲ್ಲಿ ಕೂರಲಾರದೆ. ಕಲ್ಲು ಕಡಿದು ಕಡಿದು ನೆಟ್ಟಗೆ ನಿಂತ ಕರಿಯ ಗೋಡೆಗಳ ನಡುವೆ ಹಸಿರು ನೀರು ಅಲುಗದೆ ನಿಂತಿತ್ತು. ದಡದ ತುಂಬ ಜನ. ಈರಣ್ಣನ ಹೆಂಡತಿ ಹುಲಿಗೆಮ್ಮ ಕೋಸಗಿಯಿಂದ ಬಂದಿದ್ದಳು. ನಾನು ಅವಳನ್ನು ಕಂಡದ್ದು ಅದೇ ಮೊದಲು. ತೆಳ್ಳನೆಯ, ಕಣ್ಣು ಚುರುಕಾದ ಹೆಣ್ಣು. ವರ್ಷಾ ವರ್ಷ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುವವಳು. ಆ ವರ್ಷ ಇನ್ನೂ ಹೋಗಿರಲಿಲ್ಲ.

ಈರಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹೊಸಪೇಟೆ ಕಡೆಯ ಇನ್ನೊಬ್ಬ ಡೈವರ್ ತೊಟ್ಟು ಸಿದ್ಧನಾಗಿ ದಡದಲ್ಲಿ ಕೂತ. ಹಗ್ಗದ ತುದಿ ಈಜು ಬಾರದ ನಮ್ಮ ಮನೆಯವರ ಕೈಯಲ್ಲಿ. ಕೆಳಗಿನಿಂದ ಒಂದು ಜಗ್ಗು ಬಂದರೆ ಎಲ್ಲ ಸರಿ ಎಂದು. ನೀರಿನ ಮೇಲೆ ಗುಳ್ಳೆಗಳು ಬರತೊಡಗಿದವು. ಒಂದು ಗೊಂಚಲು ಬಂದು ಒಡೆಯುತ್ತದೆ, ಸ್ವಲ್ಪ ಬಿಡುವು, ಮತ್ತೊಂದು ಗೊಂಚಲು. ನಮ್ಮ ಮಾಳಿಗೆಯ ಮೇಲೆ ಬೆಳಿಗ್ಗೆ ಬೀಸಿದ ಗಾಳಿ ಅದು. ಕೋಟೆ ಬೆಟ್ಟವನ್ನು ಸವರಿ ಬಂದು, ಹತ್ತಿ ಕೋಣೆಯಲ್ಲಿ ಸೋಸಿ, ಎಂಬತ್ತು ಅಡಿ ಕತ್ತಲಲ್ಲಿ ಒಬ್ಬ ಕುರುಬರ ಹುಡುಗನ ಎದೆಯೊಳಗೆ ಹೋಗಿ ಬಂದು ನನ್ನ ಕಣ್ಣ ಮುಂದೆ ಒಡೆಯುತ್ತಿದೆ. ದೇವರೇ, ಎಂದೆ. ಗುಡಿಯಲ್ಲಿ ಎಷ್ಟೋ ಸಲ ಅಂದ ಮಾತು. ಅಂದು ಮೊದಲ ಸಲ ಮೈ ಜುಮ್ಮೆಂದು ಅಂದೆ.

ಹುಲಿಗೆಮ್ಮ ನನ್ನ ಪಕ್ಕದಲ್ಲೇ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಗುಳ್ಳೆ ನೋಡುತ್ತಿದ್ದಳು. "ನಿನ್ನೆ ಯಾಕ ಬರಲಿಲ್ಲಕ್ಕಾ ನೀವು? ಮಂದಿ ಏನೇನೋ ಅಂತಾರ" ಎಂದಳು, ಕಣ್ಣು ನೀರಿನ ಮೇಲೇ ಇಟ್ಟು. ಸುಳ್ಳು ಹೇಳಬಹುದಿತ್ತು. ಹೇಳಲು ಆಗಲಿಲ್ಲ. ಎಣ್ಣೆ, ವಿಭೂತಿ, ಒರೆಸಿದ್ದು, ಮುಚ್ಚಿಟ್ಟದ್ದು, ಕೀಲಿಯ ಮೇಲೆ ಬೆರಳಿಟ್ಟಾಗ ಕೂಗಿದ್ದು, ಎಲ್ಲ ಹೇಳಿದೆ. ಕೂಗದಿದ್ದರೆ ಸುಡುತ್ತಿದ್ದದ್ದು ನನ್ನ ಗಂಡ, ಪಕ್ಕದಲ್ಲೇ ನಿಂತಿದ್ದ ನಿನ್ನ ಗಂಡ ಎಂದೂ ಹೇಳಿದೆ. ಹಗ್ಗದ ಮೂಲಕ ಜಗ್ಗು ಬಂತು, ಈರಣ್ಣ ಮೇಲೇರತೊಡಗಿದ. ಆದರೆ ಗುಳ್ಳೆಗಳು ದಡದ ಹತ್ತಿರ ಬಂದು ಒಂದೇ ಕಡೆ ನಿಂತುಬಿಟ್ಟವು. ಹುಲಿಗೆಮ್ಮ ನನ್ನ ಮಣಿಕಟ್ಟು ಹಿಡಿದಳು.

"ಸಿಕ್ಕೊಂಡಾನೇನಕ್ಕಾ?"

"ಇಲ್ಲವ್ವ. ಹದಿನೈದು ಅಡಿಗಿ ನಿಂತು ಮೈಯಾಗಿನ ಗಾಳಿ ಬಿಟ್ಟು ಬರಬೇಕು. ಅವಸರ ಮಾಡಬಾರದು." ಗಂಡನಿಂದ ಕಲಿತದ್ದನ್ನು ಹೇಳಿದೆ. ಹೇಳಿದೆನೇ ಹೊರತು ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಆ ಐದು ನಿಮಿಷ ಅವಳ ಉಗುರು ನನ್ನ ಕೈಯಲ್ಲಿ ನಾಟಿದ್ದವು. ಈರಣ್ಣನ ತಲೆ ನೀರಿನಿಂದ ಮೇಲೆ ಬಂದ ಮೇಲೆಯೇ ಬಿಟ್ಟಳು.

ಬಿಡುವು ಕೊಟ್ಟು ಕೊಟ್ಟು, ಸಿಲಿಂಡರ್ ಬದಲಿಸಿ, ಎರಡು ದಿನದಲ್ಲಿ ನಾಲ್ಕು ಸಲ ಇಳಿದು ಈರಣ್ಣ ಮೋಟಾರಿಗೆ ಹಗ್ಗ ಕಟ್ಟಿದ. ಕ್ರೇನು ಅದನ್ನು ಎತ್ತಿತು. ಹಳ್ಳಿಯ ಕಿರಿಯವನೇ ಬಂದು ನಮ್ಮ ಮನೆಯವರ ಕೈ ಹಿಡಿದುಕೊಂಡ. ಹೊರಡುವಾಗ ಹುಲಿಗೆಮ್ಮ ನನ್ನೆದುರು ಬಂದು ನಿಂತಳು. ನಿಂತವಳ ಮುಖದಲ್ಲಿ ಸಿಟ್ಟಿತ್ತು, ಮುಚ್ಚಿಡಲಿಲ್ಲ.

"ಅಕ್ಕಾ, ನೀವು ಓದಿದಾಕಿ, ನೀವ ಮರತ್ರಿ. ಇಂವ ನೋಡೂದ ಇಲ್ಲ, ಸಹಿ ಹಾಕ್ತಾನ. ಆ ಮೀಟರು ನೋಡೂದು ನನಗ ಕಲಸ್ರಿ. ಇನ್ನ ಮ್ಯಾಲ ನಾ ನೋಡ್ತೀನಿ."

ಆ ವರ್ಷ ಅವಳು ಗುಳೆ ಹೋಗಲಿಲ್ಲ. ಊರಲ್ಲೇ ಸಿಕ್ಕ ಕೂಲಿಗೆ ಹೋಗಿ, ಭಾನುವಾರ ರೈಲಿಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಅಂಕಿಗಳು ಫೋನಿನಿಂದ ಅವಳಿಗೆ ಗೊತ್ತಿದ್ದವು. ನಡುವಿನ ಚುಕ್ಕಿ ಗೊತ್ತಿರಲಿಲ್ಲ. ಒಂದು ರೊಟ್ಟಿಯನ್ನು ಹತ್ತು ತುಂಡು ಮಾಡಿ, ಚುಕ್ಕಿಯ ಈಚೆಗಿರುವುದು ಈ ತುಂಡು ಎಂದು ತೋರಿಸಿದೆ. ಒಂದೇ ಸಲಕ್ಕೆ ಹಿಡಿದಳು. ಬಯಲು ಗಾಳಿಗೆ ಮೀಟರು ಹಿಡಿದು ಇಪ್ಪತ್ತರ ಮೇಲೆ ಒಂಬತ್ತು ತುಂಡು ಬರುವ ತನಕ ಸರಿಮಾಡುವುದನ್ನು ನಮ್ಮ ಮನೆಯವರು ಕಲಿಸಿದರು. ಒಳಗೆ ಬರುವ ಮೊದಲು ತಲೆಗೂದಲು ಮೂಸಿ ನೋಡಿಕೊಳ್ಳುತ್ತಿದ್ದಳು, ಎಣ್ಣೆಯ ವಾಸನೆ ಇದ್ದರೆ ಹೊಸ್ತಿಲಾಚೆ ತಾನೇ ನಿಲ್ಲುತ್ತಿದ್ದಳು. ನನಗೆ ಉರಿ ತಂದಿದ್ದ ಆ ಕಟ್ಟಳೆ ಅವಳಿಗೆ ಗಂಡನ ಪ್ರಾಣವಾಗಿತ್ತು. ಅಷ್ಟು ವರ್ಷ ಮಕ್ಕಳಿಗೆ ಕಲಿಸಿದ ನನಗೆ ಹೀಗೆ ಕಲಿಯುವವರನ್ನು ಕಂಡು ಕೈಮುಗಿಯಬೇಕೆನ್ನಿಸುತ್ತಿತ್ತು.

ದೀಪಾವಳಿ ಕಳೆದ ಮೇಲೆ ಎಮ್ಮಿಗನೂರಿನ ಹತ್ತಿರದ ಒಂದು ಹಳೆಯ ಬಾವಿಯ ಕೆಲಸ ಬಂತು. ಬೆಳಿಗ್ಗೆ ಇವರು ಬೆರೆಸಿ ತುಂಬಿ, ಹೊರಗಿಟ್ಟು ಆರಲು ಬಿಟ್ಟು, ಅಳೆದು ಚೀಟಿ ಬರೆಯಲು ಕೂತರು. ಈರಣ್ಣ ಸಹಿಗೆ ಕೈ ಚಾಚಿದ. ಹುಲಿಗೆಮ್ಮ ಅವನ ಕೈಯನ್ನು ಆಚೆ ತಳ್ಳಿ ಮೀಟರು ತೆಗೆದುಕೊಂಡಳು. ಬಯಲು ಗಾಳಿಗೆ ಹಿಡಿದು ನೋಡಿದಳು. ಸಿಲಿಂಡರಿಗೆ ಹಿಡಿದಳು. ಅಂಕಿ ನಿಲ್ಲುವ ತನಕ ಕಾದಳು.

"ಮೂವತ್ಮೂರು, ಮ್ಯಾಲ ಎಂಟು ತುಂಡು ಐತಿ" ಎಂದಳು. "ನೀವು ಮೂವತ್ತೆರಡು ಅಂದಿದ್ರಿ."

"ಹೌದವ್ವ, ಚೂರು ಹೆಚ್ಚಾಗೈತಿ. ಬಾವಿ ಆಳ ಇಲ್ಲ, ಇದರಾಗ ಏನೂ ಆಗಂಗಿಲ್ಲ. ಚೀಟಿ ಮ್ಯಾಲ ಮೂವತ್ನಾಕು ಅಂತ ಬರದು ಅಡಿ ಕಡಿಮಿ ಮಾಡಿದ್ರ ಸರಿ ಆತು" ಎಂದರು ಇವರು. ಅದು ನಿಜವೂ ಹೌದು. ಕಟ್ಟಳೆಯ ಪ್ರಕಾರ ಅಷ್ಟು ಸಾಕು.

ಹುಲಿಗೆಮ್ಮ ಅವರ ಮುಖ ನೋಡಿದಳು. "ಇವತ್ತ ಚೀಟಿ ಬದಲಸ್ತೀರಿ ಸಾರ್. ನಾಳಿ ಆಳದ ಬಾವಿ ಬಂದ್ರ ಏನ್ ಬದಲಸ್ತೀರಿ? ಬ್ಯಾಡ. ಇಂವ ಇದನ್ನ ಕಟ್ಟಂಗಿಲ್ಲ. ಬಿಟ್ಟು ಮತ್ತ ತುಂಬ್ರಿ."

"ಏಯ್ ಹುಲಿಗಿ, ಯಾರ ಜೋಡಿ ಮಾತಾಡಾಕ ಹತ್ತಿ!" ಎಂದು ಈರಣ್ಣ ಹೌಹಾರಿ ಎದ್ದ. ನನಗೂ ಒಂದು ಕ್ಷಣ ಉಸಿರು ನಿಂತಿತು. ಇಪ್ಪತ್ತು ವರ್ಷ ಬಂದರಿನಲ್ಲಿ ತಲೆ ಬೆಳ್ಳಗಾದ ಮನುಷ್ಯನಿಗೆ, ಮೀಟರು ಹಿಡಿದು ಒಂದು ತಿಂಗಳಾಗದ ಹೆಣ್ಣುಮಗಳು ಹೇಳುತ್ತಿದ್ದಾಳೆ. ಇವರು ಅವನನ್ನು ಕೈಯಿಂದಲೇ ಸುಮ್ಮನಿರಿಸಿದರು. ಸಿಲಿಂಡರನ್ನು ಮಾಳಿಗೆಯ ಕೆಳಗಿನ ಬಯಲಿಗೆ ಒಯ್ದು, ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಬೆಳಗಿನಿಂದ ತುಂಬಿದ ಗಾಳಿಯನ್ನೆಲ್ಲ ನಿಧಾನಕ್ಕೆ ಹೊರಗೆ ಬಿಟ್ಟರು. ಮತ್ತೆ ಕೈ ತೊಳೆದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಎರಡು ತಾಸು ಹಿಡಿಯಿತು. ಹುಲಿಗೆಮ್ಮ ಹೊಸ್ತಿಲ ಮೇಲೆ ಕೂತಲ್ಲಿಂದ ಏಳಲಿಲ್ಲ. ಎರಡನೆಯ ಸಲ ಅಳೆದಾಗ ಮೂವತ್ತೆರಡು ಬಂತು. ಅವಳು ತಲೆಯಾಡಿಸಿದ ಮೇಲೆ ಈರಣ್ಣ ಸಹಿ ಹಾಕಿದ.

ಈರಣ್ಣ, ಹುಲಿಗೆಮ್ಮ ಬಾವಿಯ ಕಡೆ ಹೊರಟುಹೋದ ಮೇಲೆ ನಾನು ಇವರಿಗೆ ನೀರು ತಂದುಕೊಟ್ಟೆ. ಬೇಸರವಾಗಿರಬೇಕೆಂದುಕೊಂಡು, "ಆಕೀದು ಬಾಯಿ ಜೋರು, ಮನಸಿಗಿ ಹಚ್ಚಿಕೊಳ್ಳಬ್ಯಾಡ್ರಿ" ಎಂದೆ. ತಿರುಗಿ ನೋಡಿದರು. ಕಣ್ಣು ತುಂಬಿದ್ದವು, ಮುಖ ನಗುತ್ತಿತ್ತು.

"ಇಪ್ಪತ್ತು ವರ್ಷ ಗಿರಿಜಾ, ನಾ ತುಂಬಿದ್ದನ್ನ ಒಬ್ಬರೂ ಬ್ಯಾಡ ಅಂದಿಲ್ಲ. ಎಲ್ಲಾರೂ ನನ್ನ ನಂಬಿ ಇಳದುಬಿಟ್ರು. ಒಬ್ಬರಾದ್ರೂ ಬ್ಯಾಡ ಅನ್ಲಿ ಅಂತ ನಾ ಎಷ್ಟು ಕಾದೀನಿ, ನಿನಗ ಗೊತ್ತಿಲ್ಲ."